ಏಟಿಗೊಂದು ಕ್ರಿಯಾಪದ

ಗಂಗಲಕ್ಷ್ಮಿಗೆ ಮೊದಲ ಏಟು ಬಿದ್ದದ್ದು ಸ್ನಾನಕ್ಕೆ.

‘ನಾನು ಸ್ನಾನ ಮಾಡಿದೆ’ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳು ಅಂದಿದ್ದ ಅಣ್ಣ ಗೋಪಾಲಪ್ಪ. ಅವಳು ಒಂದು ಗಳಿಗೆ ಯೋಚನೆ ಮಾಡಿ ‘ಐ ಡಿಡ್ ಬಾತ್’ ಅಂದಳು. ಅವನು ಆಫೀಸಿನಿಂದ ತಂದಿದ್ದ ಕರೀ ರೂಲುದೊಣ್ಣೆ ಅವಳ ಬಲಗೈ ಗೆಣ್ಣುಗಳ ಮೇಲೆ ಇಳಿಯಿತು. ನೋವಿಗಿಂತ ಮೊದಲು ಅವಳಿಗೆ ಆಶ್ಚರ್ಯವೇ ಆಯಿತು. ಹತ್ತೊಂಬತ್ತು ವರ್ಷದ ಹುಡುಗಿಯನ್ನು ಯಾರಾದರೂ ಹೀಗೆ ಹೊಡೆಯುತ್ತಾರೆಯೇ ಅಂತ ಬೆರಳುಗಳನ್ನೇ ನೋಡುತ್ತಾ ಕೂತಳು.

“ಮಾಡ್ದೆ ಅಂದ್ರೆ ಡಿಡ್ ಅಲ್ವೇನಣ್ಣ?”

“ಟುಕ್! ಟುಕ್ ಎ ಬಾತ್! ಸ್ನಾನಾನ ತಗೋತಾರೆ ಕಣೇ, ಮಾಡಲ್ಲ.”

“ಸ್ನಾನಾನ ಎಲ್ಲಿಂದ ತಗೋತಾರೆ?”

ಎರಡನೆಯ ಏಟು ಆ ಪ್ರಶ್ನೆಗೆ.

ಅದು ಅರವತ್ತೆಂಟನೇ ಇಸವಿಯ ಶ್ರಾವಣ. ಅರಿಶಿನಕುಂಟೆಯಲ್ಲಿ, ತುಮಕೂರು ರಸ್ತೆಗೆ ಬೆನ್ನು ಹಾಕಿಕೊಂಡಂತಿದ್ದ ಅವರ ಮನೆಯಲ್ಲಿ ಇದ್ದವರು ಮೂರೇ ಜನ. ಅಪ್ಪ ದೊಡ್ಡಮುನಿಯಪ್ಪ ತೀರಿಹೋಗಿ ಮೂರು ವರ್ಷವಾಗಿತ್ತು. ತಾಯಿ ಸಪ್ಪಲಮ್ಮ ಇರುವ ನಾಲ್ಕು ಎಕರೆಯಲ್ಲಿ ರಾಗಿ, ಅವರೆ ಬೆಳೆಸಿಕೊಂಡು ಎರಡು ಹಸು ಕಟ್ಟಿದ್ದಳು. ಗೋಪಾಲಪ್ಪ ದಿನಾ ಏಳು ಗಂಟೆಯ ಬಸ್ಸು ಹತ್ತಿ ಬೆಂಗಳೂರಿನ ಒಂದು ಕಾರ್ಖಾನೆಯ ಆಫೀಸಿಗೆ ಗುಮಾಸ್ತಿಕೆಗೆ ಹೋಗುತ್ತಿದ್ದ. ಆ ಮನೆಯಲ್ಲಿ ಷರಟಿನ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡ ಮೊದಲ ಗಂಡಸು ಅವನು.

ಗಂಗಲಕ್ಷ್ಮಿ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಳು. ಮಿಕ್ಕದ್ದೆಲ್ಲ ಪಾಸು, ಇಂಗ್ಲಿಷು ಮಾತ್ರ ಫೇಲು. ಅವಳಿಗೆ ನರ್ಸಾಗಬೇಕು ಅಂತ ಆಸೆ. ಅಪ್ಪ ಆಸ್ಪತ್ರೆಯಲ್ಲಿ ಮಲಗಿದ್ದಾಗ ಬಿಳೀ ಸೀರೆಯ ಹೆಂಗಸೊಬ್ಬಳು ಅವನ ನಾಡಿ ಹಿಡಿದು ಗಡಿಯಾರ ನೋಡುತ್ತಿದ್ದ ಗತ್ತು ಅವಳ ಕಣ್ಣಲ್ಲಿ ಉಳಿದುಬಿಟ್ಟಿತ್ತು. ಗೋಪಾಲಪ್ಪನ ಲೆಕ್ಕಾಚಾರ ಬೇರೆ. ನೆಲಮಂಗಲದ ಒಬ್ಬ ಸರ್ಕಾರಿ ನೌಕರ ಪಾಸಾದ ಹೆಣ್ಣೇ ಬೇಕು ಅಂತ ಕೂತಿದ್ದ. ಆ ಸಂಬಂಧ ಕುದುರಿದರೆ ಊರಿನಲ್ಲಿ ತನ್ನ ತಲೆ ನಿಲ್ಲುತ್ತದೆ ಅನ್ನುವುದು ಅವನ ಎಣಿಕೆ. ಇಬ್ಬರಿಗೂ ಪಾಸಾಗುವುದೊಂದೇ ಬೇಕಾಗಿದ್ದರಿಂದ ಪಾಠ ಶುರುವಾಯಿತು.

ದಿನಾ ಸಂಜೆ ಅವನು ಬಸ್ಸಿಳಿದು ಬಂದು ಕಾಫಿ ಕುಡಿದು ನಡುಮನೆಯಲ್ಲಿ ಕೂರುವನು. ಲಾಟೀನಿನ ಆ ಕಡೆ ಅವನು, ಈ ಕಡೆ ಅವಳು, ನಡುವೆ ರೂಲುದೊಣ್ಣೆ. ಅವನು ಕನ್ನಡದಲ್ಲಿ ಒಂದು ನಾಮಪದ ಎಸೆಯಬೇಕು, ಅವಳು ಅದಕ್ಕೆ ಹೊಂದುವ ಇಂಗ್ಲಿಷ್ ಕ್ರಿಯಾಪದ ಹೇಳಬೇಕು.

“ತಪ್ಪು.”

“ಡೂ ಎ ಮಿಸ್ಟೇಕ್.”

ಏಟು. “ಮೇಕ್!”

“ವಿಶ್ರಾಂತಿ.”

“ಮೇಕ್ ರೆಸ್ಟ್.”

ಏಟು. “ಟೇಕ್!”

“ಮನೆಗೆಲಸ.”

“ಟೇಕ್...”

ಏಟು. “ಡೂ! ಇದಕ್ಕೆ ಡೂ ಕಣೇ ಮುಂಡೇದೇ!”

ಒಳಗೆ ಸಪ್ಪಲಮ್ಮ ರಾಗಿ ಬೀಸುತ್ತಿರುತ್ತಿದ್ದಳು. ಒಂದೊಂದು ಏಟಿಗೂ ಬೀಸುವ ಕಲ್ಲು ನಿಲ್ಲುತ್ತಿತ್ತು. ಆಮೇಲೆ ಮತ್ತೆ ಗರಗರ ಅನ್ನುತ್ತಿತ್ತು.

ಗಂಗಲಕ್ಷ್ಮಿಗೆ ಅರ್ಥವಾಗದ್ದು ಒಂದೇ. ಕನ್ನಡದಲ್ಲಿ ‘ಮಾಡು’ ಅನ್ನುವುದು ಮನೆಯ ಆಳಿನ ಹಾಗೆ ಯಾವ ಕೆಲಸಕ್ಕೆ ಕರೆದರೂ ಬರುತ್ತದೆ. ಊಟ ಮಾಡು, ನಿದ್ದೆ ಮಾಡು, ಮದುವೆ ಮಾಡು, ಜಗಳ ಮಾಡು, ತಪ್ಪು ಮಾಡು, ಕೊಲೆ ಮಾಡು. ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಬೇರೆ ಬೇರೆ ಆಳು. ಯಾವ ಕೆಲಸಕ್ಕೆ ಯಾರು ಅನ್ನುವುದಕ್ಕೆ ಯಾವ ಕಟ್ಟಳೆಯೂ ಕಾಣದು. ಕಟ್ಟಳೆ ಯಾಕಿಲ್ಲ ಅಂತ ಕೇಳಿದರೆ ಅಣ್ಣನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳಿದಾಗ ಅವನು ಇನ್ನೂ ಜೋರಾಗಿ ಹೊಡೆಯುತ್ತಿದ್ದ. ಮೊದಲು ಗೆಣ್ಣಿಗೆ ಬೀಳುತ್ತಿದ್ದದ್ದು ಮೊಣಕೈಗೆ ಬಂತು, ಮೊಣಕೈಯಿಂದ ಹೆಗಲಿಗೆ, ಹೆಗಲಿಂದ ಬೆನ್ನಿಗೆ. ಒಂದು ಸಂಜೆ ‘ಮಾತು ಕೊಡು’ ಅನ್ನುವುದಕ್ಕೆ ‘ಗಿವ್ ಎ ಟಾಕ್’ ಅಂದಳು ಅಂತ ಜಡೆ ಹಿಡಿದು ಹಣೆಯನ್ನು ಕಂಬಕ್ಕೆ ಗುದ್ದಿದ. ಮಾರನೆಯ ದಿನ ಬಾವಿಯ ಹತ್ತಿರ ಪಕ್ಕದ ಮನೆಯ ಮುತ್ಯಾಲಮ್ಮ ಅವಳ ಹಣೆ ನೋಡಿ, “ಏನಮ್ಮಿ ಇದು, ಬೋರೆಹಣ್ಣಿನ ಗಾತ್ರ ಊದ್ಕೊಂಡದೆ?” ಅಂದಳು. ಗಂಗಲಕ್ಷ್ಮಿ, “ಇಂಗ್ಲಿಷು ಕಣತ್ತೆ” ಅಂದಳು. ಮುತ್ಯಾಲಮ್ಮನಿಗೆ ಅದು ಯಾವ ಕಾಯಿಲೆ ಅನ್ನುವುದು ತಿಳಿಯಲಿಲ್ಲ.

ಏಟು ತಪ್ಪಿಸಿಕೊಳ್ಳಬೇಕಾದರೆ ಕಲಿಯಬೇಕು, ಬೇರೆ ದಾರಿಯಿಲ್ಲ ಅಂತ ಅವಳು ಒಂದು ದಿನ ನೆಲಮಂಗಲಕ್ಕೆ ನಡೆದುಹೋಗಿ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ನರಸಿಂಹಯ್ಯನವರನ್ನು ಕಂಡಳು. ವಯಸ್ಸಾದ ಮನುಷ್ಯ, ಮಾತು ಮೆತ್ತಗೆ. ಅವಳ ಪ್ರಶ್ನೆ ಕೇಳಿ ನಕ್ಕರು.

“ಯಾಕೆ ಅಂತ ಕೇಳಿದ್ರೆ ಇಂಗ್ಲೆಂಡಿನೋರಿಗೂ ಗೊತ್ತಿಲ್ಲಮ್ಮ. ನಮ್ಮ ಮಾತಲ್ಲಿ ಮಾತ್ರ ಎಲ್ಲಾ ನೆಟ್ಟಗಿದೆಯಾ? ಆಣೆ ಇಡ್ತೀವಿ, ದೃಷ್ಟಿ ತೆಗೀತೀವಿ, ಏಟು ತಿಂತೀವಿ. ಏಟನ್ನ ಯಾರಾದ್ರೂ ಬಾಯಲ್ಲಿ ಹಾಕ್ಕೊಂಡು ತಿಂತಾರಾ?”

ಗಂಗಲಕ್ಷ್ಮಿಯೂ ನಗಬೇಕು ಅಂತ ಬಾಯಿ ತೆರೆದಳು, ಆಗಲಿಲ್ಲ. ಮೇಷ್ಟ್ರ ಕಣ್ಣು ಅವಳ ಗೆಣ್ಣುಗಳ ಮೇಲೆ ಬಿತ್ತು. ಅವರು ಒಳಗೆ ಹೋಗಿ ಕೆಂಪು ರಟ್ಟಿನ ದಪ್ಪ ಪುಸ್ತಕವೊಂದನ್ನು ತಂದುಕೊಟ್ಟರು. ಯಾವ ಕ್ರಿಯಾಪದಕ್ಕೆ ಯಾವ ನಾಮಪದ ಹೊಂದುತ್ತದೆ ಅನ್ನುವ ಪಟ್ಟಿ ಅದರ ತುಂಬ.

“ಬೀಗರು ಅಂದ್ಕೋ. ಯಾರ ಮನೆ ಹೆಣ್ಣು ಯಾರ ಮನೆಗೆ ಹೋಗಿದೆ ಅನ್ನೋದನ್ನ ಊರೋರು ಹೆಂಗೆ ನೆನಪಿಟ್ಕೋತಾರೋ ಹಂಗೆ ನೆನಪಿಟ್ಕೋ.”

ಇದು ಅವಳಿಗೆ ಹಿಡಿಸಿತು. ಹಸು ಹೊಡೆದುಕೊಂಡು ಕೆರೆಯಂಗಳಕ್ಕೆ ಹೋಗುವಾಗ, ಕಳೆ ಕೀಳುವಾಗ, ಸಗಣಿ ಬಾಚುವಾಗ ಮನಸ್ಸಿನಲ್ಲಿ ಮನೆ ಮನೆ ಸುತ್ತಿದಳು. ಮೇಕ್ ಮನೆಯಲ್ಲಿ ತಪ್ಪು, ಗದ್ದಲ, ಹಾಸಿಗೆ, ಮಾತುಕೊಡುವುದು. ಟೇಕ್ ಮನೆಯಲ್ಲಿ ಸ್ನಾನ, ರಜ, ಔಷಧಿ, ಉಸಿರು. ಗಿವ್ ಮನೆಯಲ್ಲಿ ಹೆರಿಗೆ, ಸಾಕ್ಷಿ, ಉತ್ತರ. ಕೀಪ್ ಮನೆಯಲ್ಲಿ ಗುಟ್ಟು. ಕಮಿಟ್ ಅನ್ನುವವನ ಮನೆಯಲ್ಲಿ ಕೊಲೆ, ಕಳ್ಳತನ, ಆತ್ಮಹತ್ಯೆ. ಅವನಿಗೆ ಒಳ್ಳೆಯ ಮನೆಯವರು ಯಾರೂ ಹೆಣ್ಣು ಕೊಟ್ಟಿಲ್ಲ. ಹೀಗೆ ಮಾರ್ನವಮಿ ಬರುವ ಹೊತ್ತಿಗೆ ಅಣ್ಣ ಎಸೆದ ಹತ್ತರಲ್ಲಿ ಒಂಬತ್ತಕ್ಕೆ ಅವಳು ತಟ್ಟನೆ ಉತ್ತರ ಕೊಡುವಂತಾದಳು.

ಆದರೂ ಏಟು ನಿಲ್ಲಲಿಲ್ಲ. ಉತ್ತರ ಸರಿಯಿದ್ದರೆ ದನಿ ಸಣ್ಣದಾಯಿತು ಅಂತ ಹೊಡೆದ. ದನಿ ಎತ್ತರಿಸಿದರೆ ಸೊಕ್ಕು ಅಂತ ಹೊಡೆದ.

ಹಬ್ಬದ ಊಟಕ್ಕೆ ಅಣ್ಣನ ಜೊತೆ ಕೆಲಸ ಮಾಡುವ ಮುನಿಶಾಮಪ್ಪ ಬಂದಿದ್ದ. ಗೋಪಾಲಪ್ಪ ಕೈ ತೊಳೆಯಲು ಹಿತ್ತಲಿಗೆ ಹೋದಾಗ ಮುನಿಶಾಮಪ್ಪ ಪಿಸುದನಿಯಲ್ಲಿ ಅಂದ: “ಆಫೀಸಲ್ಲಿ ನಿಮ್ಮಣ್ಣಂದು ನಾಯಿಪಾಡು ಕಣಮ್ಮ. ಕಾಗದ ಬರೆದ್ರೆ ನಮ್ಮ ಸಾಹೇಬ ಎಲ್ಲರ ಮುಂದೆ ಓದಿ ನಗಾಡ್ತಾನೆ. ಮೊನ್ನೆ ಏನೋ ಒಂದು ಪದ ತಪ್ಪಾಯ್ತು ಅಂತ ಆ ಕಾಗದಾನ ಮುದುರಿ, ತಿನ್ನು ಅಂತ ಇವನ ಬಾಯಿಗೆ ತುರುಕಿದ. ಇವನು ತಿಂದ.”

ಗಂಗಲಕ್ಷ್ಮಿಯ ಕೈಯಲ್ಲಿದ್ದ ಪಾಯಸದ ಸೌಟು ನಿಂತಿತು. ಅಣ್ಣ ಕಾಗದ ಅಗಿಯುತ್ತಿರುವುದು ಕಣ್ಣಿಗೆ ಕಟ್ಟಿತು. ಅವತ್ತು ಸಂಜೆ ಅವಳು ಎಂದೂ ಇಲ್ಲದಷ್ಟು ನಯವಾಗಿ ಅವನ ಮುಂದೆ ಕೂತಳು. “ಅಣ್ಣ, ನಿನ್ನ ಆಫೀಸಿನ ಕಾಗದಾನೂ ಇಲ್ಲೇ ಬರಿ, ಇಬ್ರೂ ಪುಸ್ತಕ ನೋಡ್ಕೊಂಡು ಬರೆಯಣ” ಅಂದಳು. ಅವನು ಅವಳ ಮುಖವನ್ನೇ ನೋಡಿದ. ಮುನಿಶಾಮಪ್ಪ ಏನೋ ಬಾಯಿ ಬಿಟ್ಟಿದ್ದಾನೆ ಅಂತ ಹೊಳೆಯಿತು. ಅಂದು ಬಿದ್ದ ಏಟುಗಳಿಗೆ ಅವನು ಯಾವ ಪದದ ನೆಪವನ್ನೂ ಹುಡುಕಲಿಲ್ಲ. ಅವಳ ಕನಿಕರ ಅಲ್ಲಿಗೆ ಮುಗಿಯಿತು.

ಪರೀಕ್ಷೆಗೆ ಐದು ವಾರ ಇದ್ದಾಗ, ಒಂದು ಭಾನುವಾರ ಬೆಳಿಗ್ಗೆ, ಆಗಬಾರದ್ದು ಆಯಿತು.

ಹಂಡೆಯ ಒಲೆ ಉರಿಯುತ್ತಿತ್ತು. ಗೋಪಾಲಪ್ಪ ಎಣ್ಣೆ ಹಚ್ಚಿಕೊಂಡು ಬಚ್ಚಲ ಬಾಗಿಲಲ್ಲೇ ಕೂತು ಪಾಠ ಒಪ್ಪಿಸಿಕೊಳ್ಳುತ್ತಿದ್ದ.

“ಪರೀಕ್ಷೆ.”

“ಟೇಕ್ ಆ್ಯನ್ ಎಕ್ಸಾಮಿನೇಷನ್.”

“ತಗೋಳೋದು ಮೇಷ್ಟ್ರು ಕಣೇ ಕತ್ತೆ. ಹುಡುಗರು ಕೊಡ್ತಾರೆ. ಗಿವ್.”

“ಇಲ್ಲಣ್ಣ. ಕೊಡೋದು ಮೇಷ್ಟ್ರು. ತಗೋಳೋರು ನಾವು. ಪುಸ್ತಕದಲ್ಲಿ ಹಂಗೇ ಅದೆ.”

“ಅಂದ್ರೆ ನಂಗೆ ಗೊತ್ತಿಲ್ಲ ಅಂತೀಯಾ?”

ಅವಳು ಸುಮ್ಮನಿರಬಹುದಿತ್ತು. ಏಳು ತಿಂಗಳು ಸುಮ್ಮನಿದ್ದಳಲ್ಲ. ಆದರೆ ಈ ಒಂದು ಉತ್ತರ ಅವಳದಾಗಿತ್ತು, ಏಟು ತಿಂದು ತಿಂದು ಸಂಪಾದಿಸಿದ್ದು. ಪುಸ್ತಕ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟು ಅವನ ಮುಖದ ಮುಂದೆ ಹಿಡಿದಳು. ಅವನು ಓದಿದ. ತುಟಿ ಅಲುಗಿತು. ಮರುಗಳಿಗೆ ಪುಸ್ತಕವನ್ನು ಕಿತ್ತು ಒಲೆಯೊಳಗೆ ಎಸೆದ.

“ಅಯ್ಯೋ, ಮೇಷ್ಟ್ರುದು!” ಅಂತ ಅವಳು ಒಲೆಗೆ ಕೈ ಹಾಕಿದಳು. ರಟ್ಟು ಬೆರಳಿಗೆ ಸಿಕ್ಕಿತ್ತು. ಅಷ್ಟರಲ್ಲಿ ರೂಲುದೊಣ್ಣೆ ಅವನ ಪೂರಾ ಬಲದಿಂದ ಮಣಿಕಟ್ಟಿನ ಮೇಲೆ ಬಿತ್ತು. ಒಣ ಸೌದೆ ಮುರಿದ ಹಾಗೆ ಸದ್ದಾಯಿತು. ಆ ಸದ್ದು ಒಲೆಯಿಂದ ಬಂತೋ ಕೈಯಿಂದ ಬಂತೋ ಅವಳಿಗೆ ಗೊತ್ತಾಗಲಿಲ್ಲ. ಕೈ ಎತ್ತಿದರೆ ಅಂಗೈ ಬೇರೆ ಕಡೆಗೆ ತೂಗುತ್ತಿತ್ತು. ಅವಳು ಕಿರುಚಿದ್ದಕ್ಕೆ ಅವನು ಪಕ್ಕೆಗೆ ಒದ್ದ. ಬಿದ್ದವಳನ್ನು ಮತ್ತೆ ಒದ್ದ. “ನಂಗೆ ಕಲಿಸ್ತೀಯಾ? ನಂಗೆ?” ಅನ್ನುತ್ತಾ ಒದೆಯುತ್ತಲೇ ಇದ್ದ.

ಬೀಸುವ ಕಲ್ಲು ನಿಂತಿತ್ತು. ಈ ಸಲ ಅದು ಮತ್ತೆ ಶುರುವಾಗಲಿಲ್ಲ.

ಸಪ್ಪಲಮ್ಮ ಒನಕೆ ಹಿಡಿದು ಬಂದಳು. ಮಗನ ಬೆನ್ನಿಗೆ ಬಾರಿಸಿದಳು. ಅವನು ತಿರುಗಿ “ಅವ್ವಾ” ಅನ್ನುವಷ್ಟರಲ್ಲಿ ಮೊಣಕಾಲಿಗೆ ಎರಡನೆಯದು. ಅವನು ಬಚ್ಚಲ ಕಲ್ಲಿನ ಮೇಲೆ ಕುಸಿದ. ಮೂರನೆಯದಕ್ಕೆ ಒನಕೆ ಎತ್ತಿ ಹಾಗೇ ತಡೆದು ನಿಂತಳು.

“ನಿಮ್ಮಪ್ಪನೂ ಹಿಂಗೇ ಹೊಡೀತಿದ್ದ. ನಾನು ತಿಂದೆ. ನಿನ್ನ ಹೊಟ್ಟೇಲಿ ಇಟ್ಕೊಂಡೂ ತಿಂದೆ. ಮಗ ಓದವ್ನೆ, ಬುದ್ಧಿ ಬತ್ತದೆ ಅಂತ ಇಷ್ಟು ದಿನ ಕಲ್ಲು ತಿರುಗಿಸ್ಕೊಂಡು ಕೂತಿದ್ನಲ್ಲ, ನನ್ನ ಕೈಗೆ ಹುಳ ಬೀಳ! ಏಳು. ಎದ್ದು ಹೋಗು ಈ ಮನೆಯಿಂದ.”

“ಅವ್ವ, ಕಾಲು...”

“ತೆವಳ್ಕೊಂಡು ಹೋಗು.”

ಅವನು ಎಣ್ಣೆ ಮೈಯಲ್ಲೇ ಷರಟು ಹಾಕಿಕೊಂಡು, ಗೋಡೆ ಹಿಡಿದು ಹಿಡಿದು ರಸ್ತೆಗೆ ಹೋದ. ಬೆಂಗಳೂರಿನಲ್ಲಿ ಮುನಿಶಾಮಪ್ಪನ ಕೋಣೆ ಸೇರಿಕೊಂಡ ಅಂತ ಆಮೇಲೆ ಸುದ್ದಿ ಬಂತು.

ಮೂಳೆ ಕಟ್ಟುವ ಆವಲಪ್ಪ ಬಂದು, ಗಂಗಲಕ್ಷ್ಮಿಯ ಬಾಯಿಗೆ ಬಟ್ಟೆ ಕಚ್ಚಿಸಿ, ಕೈಯನ್ನು ಎಳೆದು ಕೂರಿಸಿ ಬಿದಿರಿನ ದಬ್ಬೆ ಕಟ್ಟಿದ. ಎರಡು ತಿಂಗಳು ಅಲುಗಿಸಬೇಡ ಅಂದ. ಪರೀಕ್ಷೆ ಐದು ವಾರಕ್ಕಿತ್ತು. ಅವಳು ಅವತ್ತೊಂದು ದಿನ ಅತ್ತಳು. ಮಾರನೆಯ ದಿನ ಗುಡಿಸಿದ ಅಂಗಳದಲ್ಲಿ ಕೂತು ಎಡಗೈಯಲ್ಲಿ ಕಡ್ಡಿ ಹಿಡಿದು ‘ಎ’ ಬರೆದಳು. ಅದು ಕಾಲು ಮುರಿದ ಏಣಿಯ ಹಾಗಿತ್ತು. ಮಣ್ಣಿನಲ್ಲಿ ಒಂದು ವಾರ, ಸ್ಲೇಟಿನಲ್ಲಿ ಒಂದು ವಾರ, ಆಮೇಲೆ ಕಾಗದ. ಮೊದಮೊದಲು ಎಡತೋಳು ಬಿಗಿದುಹೋಗಿ ಅನ್ನ ಕಲಸುವುದಕ್ಕೂ ಆಗುತ್ತಿರಲಿಲ್ಲ, ತಾಯಿ ತುತ್ತು ಇಡುತ್ತಿದ್ದಳು. ಆಮೇಲೆ ನೀರು ಹೊರುವುದೂ ಸೌದೆ ಎತ್ತುವುದೂ ಎಡಗೈಗೇ ಬಿದ್ದದ್ದರಿಂದ ಆ ಕೈಗೆ ಗಂಡಸಿನ ಕಸುವು ಬಂತು.

ನರಸಿಂಹಯ್ಯನವರು ಸುದ್ದಿ ಕೇಳಿ ಸೈಕಲ್ ತುಳಿದುಕೊಂಡು ಬಂದರು. ಪುಸ್ತಕ ಸುಟ್ಟುಹೋಯಿತು ಅಂತ ಅವಳು ತಲೆ ತಗ್ಗಿಸಿದರೆ, “ಹೋದ್ರೆ ಹೋಗ್ಲಿ, ನಿನ್ನ ತಲೇಲಿ ಇದೆಯಲ್ಲ” ಅಂದರು. ಅವಳ ಬದಲು ಬರೆಯಲು ಒಬ್ಬರನ್ನು ಕೊಡಿ ಅಂತ ಅರ್ಜಿ ಹಾಕಿಸಿದರು. ಅದಕ್ಕೆ ಉತ್ತರ ಬರಲೇ ಇಲ್ಲ.

ಇಂಗ್ಲಿಷ್ ಪರೀಕ್ಷೆಯ ದಿನ ಬೆಳಿಗ್ಗೆ ಎಂಟಕ್ಕೆ ಅವಳು ಮನೆ ಬಿಟ್ಟಳು. ತಾಯಿ ಹಸು ಕರೆಯುತ್ತಿದ್ದಳು. ರಸ್ತೆ ಹತ್ತಿದರೆ ಹುಣಿಸೆಮರದ ಕೆಳಗೆ ಕೋಲೂರಿಕೊಂಡು ಗೋಪಾಲಪ್ಪ ನಿಂತಿದ್ದ.

“ಎಲ್ಲಿಗೆ?”

“ಪರೀಕ್ಷೆಗೆ.”

“ನೆಲಮಂಗಲದ ಗಂಡಿನ ಕಡೆಯೋರು ಇವತ್ತು ನೋಡಕ್ಕೆ ಬರ್ತಾವ್ರೆ. ಪಾಸು ಗೀಸು ಏನೂ ಬೇಡವಂತೆ, ಒಪ್ಪಿಸಿದೀನಿ. ಮನೇಗೆ ನಡಿ.”

“ನಾನು ಬರಲ್ಲಣ್ಣ. ನಾನು ನರ್ಸಾಗ್ತೀನಿ.”

“ಕಂಡೋರ ಗಾಯ ತೊಳೆಯಕ್ಕೆ ಹೋಗ್ತೀಯಾ?”

ಅವನು ಕೋಲು ಬಿಸುಟು ಅವಳ ಜಡೆಗೆ ಕೈ ಹಾಕಿದ. ಅವಳು ಮಗ್ಗುಲಾಗಿ ಬಿದ್ದಳು, ದಬ್ಬೆ ಕಟ್ಟಿದ ಕೈಯೇ ಅಡಿಯಾಯಿತು. ಕಣ್ಣು ಕತ್ತಲಿಟ್ಟಿತು. ಅವನು ಜಡೆ ಹಿಡಿದು ಮಣ್ಣಿನ ಮೇಲೆ ಎಳೆಯತೊಡಗಿದ. ಲಾರಿಯೊಂದು ಹಾರನ್ ಬಾರಿಸಿಕೊಂಡು ಹೋಯಿತು, ನಿಲ್ಲಿಸಲಿಲ್ಲ. ಕಾಫಿ ಅಂಗಡಿಯ ಬೈರಮ್ಮ ಹೊರಗೆ ಓಡಿ ಬಂದು “ಬುಡೋ, ಬುಡೋ ಗೋಪಾಲ, ಮುರಿದ ಕೈ ಕಣೋ ಅದು!” ಅಂತ ಕೂಗಿದಳು. ಅಂಗಡಿಯಲ್ಲಿ ಕೂತಿದ್ದ ನಾಲ್ಕು ಗಂಡಸರು ಲೋಟ ಕೆಳಗಿಡಲಿಲ್ಲ. ಅವನು ಬಗ್ಗಿ, “ಯಾವ ಕೈಯಲ್ಲಿ ಬರೀತೀಯೋ ನೋಡ್ತೀನಿ” ಅಂತ ದಬ್ಬೆಯ ಮೇಲೆ ಕಾಲಿಟ್ಟು ಅದುಮಿದ.

ರಸ್ತೆ ರಿಪೇರಿಗೆ ಅಂತ ಅಲ್ಲಿ ಜಲ್ಲಿ ಗುಡ್ಡೆ ಹಾಕಿದ್ದರು. ಅವಳ ಎಡಗೈಗೆ ಮುಷ್ಟಿಗಿಂತ ದೊಡ್ಡ ಕಲ್ಲು ಸಿಕ್ಕಿತು. ಬಗ್ಗಿದ್ದ ಅವನ ಹುಬ್ಬಿನ ಮೇಲೆ ಒಂದು ಸಲ ಹೊಡೆದಳು. ಅವನು ಕಾಲು ತೆಗೆಯಲಿಲ್ಲ. ಮತ್ತೊಂದು ಸಲ, ಹಲ್ಲು ಕಚ್ಚಿ, ಅದೇ ಜಾಗಕ್ಕೆ ಹೊಡೆದಳು. ಚರ್ಮ ಬಿರಿದು ಬಿಳೀ ಮೂಳೆ ಕಂಡು, ಆಮೇಲೆ ಅದು ರಕ್ತದಲ್ಲಿ ಮುಳುಗಿತು. ಗೋಪಾಲಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟ. ಬೆರಳ ಸಂದಿಯಿಂದ ರಕ್ತ ಧಾರೆಯಾಗಿ ಅವಳ ಸೀರೆಯ ಮೇಲೆ ಸುರಿಯಿತು. ಕಲ್ಲು ಇನ್ನೂ ಅವಳ ಕೈಯಲ್ಲೇ ಇತ್ತು. ಮೂರನೆಯ ಸಲವೂ ಹೊಡೆಯಬೇಕು ಅಂತ ಅನಿಸಿತು, ಬಲವಾಗಿಯೇ ಅನಿಸಿತು. ತಲೆಯ ನಡುನೆತ್ತಿ ಸರಿಯಾಗಿ ಎದುರಿಗಿತ್ತು. ಅವಳು ಕಲ್ಲನ್ನು ನೋಡಿ, ಅದನ್ನು ಗುಡ್ಡೆಯ ಮೇಲೆ ವಾಪಸು ಹಾಕಿದಳು.

ಬೈರಮ್ಮ ಅವಳನ್ನು ಎಬ್ಬಿಸಿ, ಸಡಿಲವಾದ ದಬ್ಬೆಯನ್ನು ತನ್ನ ಸೆರಗು ಹರಿದು ಬಿಗಿದಳು. ಗಂಡಸರ ಕಡೆ ತಿರುಗಿ, “ಕುಡಿದಾಯ್ತಾ ಕಾಫಿ? ಇನ್ನಾದ್ರೂ ಅವನ್ನ ಡಾಕುಟ್ರ ಹತ್ರ ಹೊತ್ಕೊಂಡೋಗಿ” ಅಂದು, ಅಂಗಡಿ ಹಾಗೇ ಬಿಟ್ಟು, ಗಂಗಲಕ್ಷ್ಮಿಯ ಜೊತೆ ನೆಲಮಂಗಲದವರೆಗೂ ನಡೆದಳು.

ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಕರು ಅವಳ ಸೀರೆಯ ರಕ್ತ ನೋಡಿ ಹೌಹಾರಿದರು. “ನಂದಲ್ಲ ಸಾರ್” ಅಂದು ಅವಳು ಕೂತಳು. ನಾಲ್ಕನೆಯ ಪ್ರಶ್ನೆ, ಕೊಟ್ಟಿರುವ ಕ್ರಿಯಾಪದಗಳಿಗೆ ತಕ್ಕ ನಾಮಪದ ಸೇರಿಸಿ ಸ್ವಂತ ವಾಕ್ಯ ರಚಿಸಿ ಅಂತ ಇತ್ತು. ಬ್ರೇಕ್, ಗಿವ್, ಟೇಕ್, ಮೇಕ್. ಮಿಕ್ಕ ಹುಡುಗರು ಲೋಟ ಒಡೆದದ್ದು, ದೋಸೆ ಮಾಡಿದ್ದು ಬರೆಯುತ್ತಿದ್ದಿರಬೇಕು. ಅವಳಿಗೆ ಬೇರೆ ವಾಕ್ಯಗಳು ತೋಚಲಿಲ್ಲ. ಎಡಗೈಯಲ್ಲಿ, ದಪ್ಪ ದಪ್ಪ ಸೊಟ್ಟ ಅಕ್ಷರಗಳಲ್ಲಿ ಬರೆದಳು. ಮೈ ಬ್ರದರ್ ಬ್ರೋಕ್ ಮೈ ಹ್ಯಾಂಡ್. ಐ ಗೇವ್ ಹಿಮ್ ಎ ಬ್ಲೋ. ಐ ಆ್ಯಮ್ ಟೇಕಿಂಗ್ ಮೈ ಎಕ್ಸಾಮಿನೇಷನ್. ಕೊನೆಯದಕ್ಕೆ ತುಸು ಹೊತ್ತು ಕೂತಳು. ಹೊಟ್ಟೆಪಾಡು ಅನ್ನುವುದನ್ನು ಇಂಗ್ಲಿಷಿನವರು ಮೇಕ್ ಮನೆಗೆ ಕೊಟ್ಟಿದ್ದಾರೆ ಅನ್ನುವುದು ನೆನಪಿಗೆ ಬಂತು. ಐ ವಿಲ್ ಮೇಕ್ ಎ ಲಿವಿಂಗ್, ಅಂತ ಬರೆದಳು.

ಇಂಗ್ಲಿಷಿನಲ್ಲಿ ನಲವತ್ತಮೂರು ಬಂತು. ಸಪ್ಪಲಮ್ಮ ತನ್ನ ಕಿವಿಯ ಓಲೆ ಬಿಚ್ಚಿ ಕೊಟ್ಟು ಅವಳನ್ನು ಬೆಂಗಳೂರಿಗೆ ನರ್ಸ್ ಟ್ರೈನಿಂಗಿಗೆ ಕಳಿಸಿದಳು. ಗೋಪಾಲಪ್ಪನ ಹುಬ್ಬಿಗೆ ಏಳು ಹೊಲಿಗೆ ಬಿದ್ದವು. ಮೆಟ್ಟಿಲಿಂದ ಬಿದ್ದೆ ಅಂತ ಆಫೀಸಿನಲ್ಲಿ ಹೇಳಿದನಂತೆ. ಒಂದು ವರ್ಷ ಕಳೆದ ಮೇಲೆ ಅವನು ಮನೆಗೆ ಬಂದು ಜಗುಲಿಯ ಮೇಲೆ ಕೂತ. ತಾಯಿ ಅವನಿಗೆ ಮುದ್ದೆ ಇಟ್ಟಳು, ಮಾತು ಮಾತ್ರ ಆಡಲಿಲ್ಲ. ಎಪ್ಪತ್ತೆರಡರಲ್ಲಿ ಸೂಲಿಬೆಲೆ ಕಡೆಯ ಅಮ್ಮಯಮ್ಮ ಅನ್ನುವ ಹುಡುಗಿಯನ್ನು ಮದುವೆಯಾದ. ಗಂಗಲಕ್ಷ್ಮಿ ಆ ಮದುವೆಗೆ ಹೋಗಲಿಲ್ಲ. ಅವಳಿಗೆ ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಕೆಲಸವಾದ ಮೇಲೆ ತಾಯಿಯೂ ಅವಳ ಜೊತೆಗೇ ಬಂದುಬಿಟ್ಟಳು.

ಎಪ್ಪತ್ತೈದರ ಚಳಿಗಾಲದಲ್ಲಿ ಅಮ್ಮಯಮ್ಮ ದಿನ ತುಂಬಿ ಅದೇ ಆಸ್ಪತ್ರೆಗೆ ಬಂದಳು. ಬಸುರಿಯನ್ನು ಇಲ್ಲಿಗೇ ಕರಕೊಂಡು ಬರಬೇಕು ಅಂತ ಹೇಳಿ ಕಳಿಸಿದ್ದವಳು ಸಪ್ಪಲಮ್ಮನೇ. ನೆಲಮಂಗಲದಿಂದ ಮಧುರೆ ಗ್ರಾಮದ ಮೇಲೆ ಬರುವ ಬಸ್ಸಿನಲ್ಲಿ ಗೋಪಾಲಪ್ಪ ಹೆಂಡತಿಯನ್ನು ತಂದು ವಾರ್ಡಿಗೆ ಸೇರಿಸಿ ಹೊರಗಿನ ಬೆಂಚಿನಲ್ಲಿ ಕೂತ. ಅಣ್ಣ ತಂಗಿ ಒಬ್ಬರನ್ನೊಬ್ಬರು ನೋಡಿ ಆರು ವರ್ಷವಾಗಿತ್ತು.

ರಕ್ತದೊತ್ತಡ ನೋಡಲು ಗಂಗಲಕ್ಷ್ಮಿ ಅಮ್ಮಯಮ್ಮನ ರವಿಕೆಯ ತೋಳು ಮೇಲೆ ಸರಿಸಿದಳು. ಅಲ್ಲಿ ಹಳದಿಗೆ ತಿರುಗಿದ ಬಾಸುಂಡೆಗಳಿದ್ದವು, ಅದರ ಪಕ್ಕದಲ್ಲೇ ಹೊಸ ನೀಲಿ. ಬೆನ್ನು ತಿರುಗಿಸಿ ನೋಡಿದಳು. ನೋಡಿದ್ದು ಸಾಕಾಯಿತು.

“ಯಾವಾಗಿಂದ?”

ಅಮ್ಮಯಮ್ಮ ಗೋಡೆಯ ಕಡೆ ಮುಖ ಮಾಡಿ, “ಅವರಿಗೆ ಕೆಲಸ ಹೋಯ್ತಲ್ಲತ್ತಿಗೆ, ಅವಾಗಿಂದ. ಸಾಹೇಬರ ಮೇಲೆ ಕೈ ಮಾಡಿದ್ರಂತೆ” ಅಂದಳು. ಆಮೇಲೆ ನೋವು ಬಂತು. ಬೇರೆ ಮಾತಿಗೆ ಹೊತ್ತಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಹೆಣ್ಣು ಮಗು ಹುಟ್ಟಿತು. ಗಂಗಲಕ್ಷ್ಮಿ ಹೊಕ್ಕುಳಬಳ್ಳಿ ಕತ್ತರಿಸಿ, ಮಗುವನ್ನು ತೊಳೆದು ತಾಯಿಯ ಪಕ್ಕದಲ್ಲಿ ಮಲಗಿಸಿ ಹೊರಗೆ ಬಂದಳು. ಬಲಗೈ ಮಣಿಕಟ್ಟು ಸೊಟ್ಟಕ್ಕೆ ಕೂಡಿಕೊಂಡಿದ್ದರಿಂದ ಚಳಿಗೆ ಸೆಳೆಯುತ್ತಿತ್ತು. ಬೆಂಚಿನಿಂದ ಗೋಪಾಲಪ್ಪ ಎದ್ದು ನಿಂತ. ಹುಬ್ಬಿನ ಗಾಯದ ಗುರುತು ಬಿಳಿಚಿಕೊಂಡಿತ್ತು.

“ಹೆಣ್ಣು. ಇಬ್ರೂ ಚೆನ್ನಾಗವ್ರೆ,” ಅಂದಳು. “ಅವಳ ಬೆನ್ನು ನೋಡ್ದೆ.”

ಅವನು ಅತ್ತ ಇತ್ತ ನೋಡಿದ. ವರಾಂಡದಲ್ಲಿ ಜನ ಇದ್ದರು. ತಗ್ಗಿದ ದನಿಯಲ್ಲಿ, “ತಪ್ಪಾಯ್ತು ಕಣಮ್ಮ” ಅಂದ.

ಆ ಮಾತು ಅವಳಿಗೆ ವಿಚಿತ್ರವಾಗಿ ಕೇಳಿಸಿತು. ಮಳೆ ಆಯಿತು, ಬೆಳೆ ಆಯಿತು ಅಂದ ಹಾಗೆ ತಪ್ಪಾಯಿತು. ತಾನಾಗಿ ಎಲ್ಲಿಂದಲೋ ಬಂದು ಬಿದ್ದ ಹಾಗೆ.

“ಅದು ಹೆಂಗಣ್ಣ ಆಯ್ತು? ಮಾಡಿದೋರು ಯಾರು?”

“ಆಯ್ತು ಬಿಡಮ್ಮ, ಇನ್ನ ಯಾಕೆ...”

“ನಂಗೆ ತಪ್ಪಾಯ್ತು ಬೇಡ. ನಾನು ಹೊಡೆದೆ ಅನ್ನು. ನಿನ್ನ ಬಾಯಿಂದ ನಾನು ಅನ್ನೋದು ಮೊದ್ಲು ಬರ್ಲಿ.”

ಜನ ತಿರುಗಿ ನೋಡಿದರು. ಅವನ ಮುಖ ಕೆಂಪಾಯಿತು. ಬಲಗೈ ಮೇಲೆದ್ದಿತು, ಹೆಗಲಿನ ಮಟ್ಟಕ್ಕೆ. ಗಂಗಲಕ್ಷ್ಮಿ ನಿಂತಲ್ಲಿಂದ ಕದಲಲಿಲ್ಲ. ವಾರ್ಡಿನ ಬಾಗಿಲಲ್ಲಿ ಸಪ್ಪಲಮ್ಮ ಬರಿಗೈಯಲ್ಲಿ ಬಂದು ನಿಂತಳು. ಗೋಪಾಲಪ್ಪನ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ಇದ್ದು, ಏನು ಮಾಡಬೇಕೋ ತಿಳಿಯದೆ ಕೆಳಗಿಳಿಯಿತು. ಅವನು ಗೇಟಿನ ಕಡೆ ನಡೆದ.

ಎಂಟನೆಯ ದಿನ ಅಮ್ಮಯಮ್ಮನ ತಂದೆ ವೆಂಕಟರಾಯಪ್ಪ ಬಂದು ಮಗಳನ್ನೂ ಮೊಮ್ಮಗಳನ್ನೂ ಸೂಲಿಬೆಲೆಗೆ ಕರೆದುಕೊಂಡು ಹೋದ. ಬಾಣಂತನಕ್ಕೆ ಜೊತೆಗೆ ಸಪ್ಪಲಮ್ಮನೂ ಹೋದಳು. ಬಸ್ಸಿನ ಕಿಟಕಿಯಲ್ಲಿ ಅಮ್ಮಯಮ್ಮ, “ಅವರು ಕರೆಯಕ್ಕೆ ಬಂದ್ರೆ ಏನತ್ತಿಗೆ ಮಾಡ್ಲಿ?” ಅಂತ ಕೇಳಿದಳು. “ನಿಂಗೆ ಹೆಂಗೆ ತೋಚುತ್ತೋ ಹಂಗೆ” ಅಂದಳು ಗಂಗಲಕ್ಷ್ಮಿ.

ಒಂಬತ್ತು ತಿಂಗಳಾದ ಮೇಲೆ ಗೋಪಾಲಪ್ಪ ಸೂಲಿಬೆಲೆಗೆ ಹೋದ. ಮೊಮ್ಮಗಳನ್ನು ನೋಡಲು ಮತ್ತೆ ಅಲ್ಲಿಗೆ ಹೋಗಿದ್ದ ಸಪ್ಪಲಮ್ಮ ವಾಪಸು ಬಂದು ಅದನ್ನು ಹೇಳಿದಳು. ಜಗುಲಿಯ ಮೇಲೆ ವೆಂಕಟರಾಯಪ್ಪ, ಊರಿನ ಇಬ್ಬರು ಹಿರಿಯರು ಕೂತಿದ್ದರು. ಅಮ್ಮಯಮ್ಮ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಗೋಪಾಲಪ್ಪ ಅಂಗಳದ ಬಿಸಿಲಲ್ಲೇ ನಿಂತನಂತೆ. ಆಮೇಲೆ, “ನಾನು ಹೊಡೆದೆ. ನನ್ನ ತಂಗಿ ಕೈನೂ ನಾನೇ ಮುರಿದೆ. ಮೆಟ್ಟಿಲಿಂದ ನಾನು ಬೀಳಲಿಲ್ಲ” ಅಂದನಂತೆ.

“ಅದಕ್ಕೆ ಅಮ್ಮಯಮ್ಮ ಏನಂದ್ಲು?” ಗಂಗಲಕ್ಷ್ಮಿ ಕೇಳಿದಳು. ಅವಳ ಕೈಯಲ್ಲಿ ಒಗೆದ ಬಿಳೀ ಸೀರೆ ಇತ್ತು, ಹಿಂಡುವುದನ್ನು ನಿಲ್ಲಿಸಿದ್ದಳು.

“‘ಕೇಳಿಸ್ತು, ನೀವು ಹೋಗಿ ಬನ್ನಿ, ನಾನು ಯೋಚ್ನೆ ಮಾಡ್ತೀನಿ’ ಅಂದ್ಲು. ಅಂದು, ಮಗೂಗೆ ಹಸಿವಾಯ್ತು ಅಂತ ಒಳಕ್ಕೋದ್ಲು.”